ಹಳೆ ಗಾಡಿ ಬ್ಯಾಕ್ ಹೊಡೆದರೆ ಮೊದಲು ಕಿಡಿ ನೋಡಿ, ಆಮೇಲೆ ಕಾರ್ಬೊರೇಟರ್

ವಂಟಮುರಿ ಘಾಟ್ ಇಳಿಯುವಾಗ ಹಳೆಯ ಬುಲೆಟ್ ಹಿಂದೆ ಹೋದವರಿಗೆ ಈ ಸದ್ದು ಗೊತ್ತು. ಸವಾರ ರೇಸ್ ಬಿಡುತ್ತಾನೆ. ಗಾಡಿ ಗೇರ್‌ನಲ್ಲೇ ಇಳಿಜಾರು ಇಳಿಯುತ್ತದೆ. ಸೈಲೆನ್ಸರ್‌ನಿಂದ ಪಟ್, ಪಟ್, ಆಮೇಲೆ ಒಮ್ಮೆಲೇ ಢಂ! ಹಿಂದಿನ ಗಾಡಿಯವರು ಬೆಚ್ಚಿಬಿದ್ದು ಬ್ರೇಕ್ ಹಿಡಿಯುತ್ತಾರೆ. ಮರುದಿನ ಆ ಬುಲೆಟ್ ಬೆಳಗಾವಿಯ ಯಾವುದೋ ಗ್ಯಾರೇಜಿನ ಮುಂದೆ ನಿಂತಿರುತ್ತದೆ. "ಮಿಸ್ತ್ರಿ, ಗಾಡಿ ಬ್ಯಾಕ್ ಹೊಡಿಲಿಕ್ಹತ್ತೈತ್ರಿ, ಜರಾ ಕಾರ್ಬೊರೇಟರ್ ಸೆಟ್ ಮಾಡಿ ಕೊಡ್ರಿ" ಅಂತ ಮಾಲೀಕರೇ ತೀರ್ಪು ಕೊಟ್ಟುಬಿಡುತ್ತಾರೆ.

ಈ ತೀರ್ಪು ಬಹಳ ಸಲ ತಪ್ಪಾಗಿರುತ್ತದೆ. ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬೊರೇಟರ್ ಕಾರಣ ಆಗಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಕಿಡಿ ಎಬ್ಬಿಸುವ ಪಾಯಿಂಟ್, ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್, ಟೈಮಿಂಗ್ (ಕಿಡಿ ಹಾರುವ ಹೊತ್ತು), ಪ್ಲಗ್ ವೈರ್, ವಾಲ್ವ್, ಸೈಲೆನ್ಸರ್ ಗ್ಯಾಸ್ಕೆಟ್, ಕೊನೆಗೆ ಟ್ಯಾಂಕಿನಲ್ಲಿರುವ ಪೆಟ್ರೋಲ್ ಕೂಡ ಕಾರಣ ಆಗಬಹುದು. ಸುಮ್ನೆ ಸ್ಕ್ರೂ ತಿರುಗಿಸುತ್ತಾ ಹೋದರೆ ಒಂದು ತೊಂದರೆ ಎರಡಾಗುತ್ತದೆ. ಎರಡು ಪ್ರಶ್ನೆ ಕೇಳಿಕೊಂಡರೆ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ. ಸದ್ದು ಎಲ್ಲಿಂದ ಬರುತ್ತಿದೆ? ಯಾವ ಹೊತ್ತಿನಲ್ಲಿ ಬರುತ್ತಿದೆ?

ಬೆಂಕಿ ಜಾಗ ತಪ್ಪಿದಾಗ

ಪೆಟ್ರೋಲ್ ಎಂಜಿನ್‌ನಲ್ಲಿ ಬೆಂಕಿಗೆ ಒಂದು ಜಾಗ, ಒಂದು ಸಮಯ ಇದೆ. ಪಿಸ್ಟನ್ ಗಾಳಿ ಮತ್ತು ಪೆಟ್ರೋಲ್ ಎಳೆದುಕೊಂಡು, ಒತ್ತಿ, ಮೇಲಿನ ತುದಿ ತಲುಪುವ ಸ್ವಲ್ಪ ಮೊದಲು ಪ್ಲಗ್ ಕಿಡಿ ಹಾರಿಸಬೇಕು. ಆಗ ಮಿಶ್ರಣ ಒಳಗೆ ಬಿಡುವ ಇನ್‌ಲೆಟ್, ಹೊಗೆ ಹೊರಗೆ ಬಿಡುವ ಎಗ್ಜಾಸ್ಟ್, ಈ ಎರಡೂ ವಾಲ್ವ್ ಬಿಗಿಯಾಗಿ ಮುಚ್ಚಿರಬೇಕು. ಉರಿದು ಮುಗಿದ ಹೊಗೆ ಮಾತ್ರ ಸೈಲೆನ್ಸರ್‌ಗೆ ಹೋಗಬೇಕು. ಇದರಲ್ಲಿ ಯಾವುದು ಕೆಟ್ಟರೂ ಬೆಂಕಿ ಸಿಲಿಂಡರ್ ಹೊರಗೆ ಹೊತ್ತಿಕೊಳ್ಳುತ್ತದೆ. ಅದಕ್ಕೆ ಹೊರಗೆ ಹೋಗಲು ಇರುವುದು ಎರಡೇ ದಾರಿ. ಒಂದು ಕಾರ್ಬೊರೇಟರ್ ಕಡೆ, ಇನ್ನೊಂದು ಸೈಲೆನ್ಸರ್ ಕಡೆ.

ಎರಡನ್ನೂ ನಾವು ಬ್ಯಾಕ್‌ಫೈರ್ ಅಂತಲೇ ಕರೆಯುತ್ತೇವೆ. ಆದರೆ ಎರಡರ ಕಾರಣಗಳು ಬೇರೆ ಬೇರೆ.

ಸೈಲೆನ್ಸರ್‌ನಲ್ಲಿ ಢಂ ಅಂದರೆ, ಉರಿಯದ ಪೆಟ್ರೋಲ್ ಅಲ್ಲಿಯವರೆಗೆ ಹೋಗಿದೆ ಎಂದರ್ಥ. ಕಿಡಿ ಬಿಟ್ಟು ಬಿಟ್ಟು ಬರುತ್ತಿರಬಹುದು, ತಡವಾಗಿ ಬರುತ್ತಿರಬಹುದು, ಇಲ್ಲವೇ ಪೆಟ್ರೋಲ್ ಜಾಸ್ತಿ ಹೋಗುತ್ತಿರಬಹುದು. ಕಾರ್ಬೊರೇಟರ್ ಬಾಯಿಂದ ಫಟ್ ಅಂದರೆ, ಇನ್‌ಲೆಟ್ ವಾಲ್ವ್ ತೆರೆದಾಗಲೂ ಸಿಲಿಂಡರ್ ಒಳಗೆ ಬೆಂಕಿ ಉಳಿದಿತ್ತು ಎಂದರ್ಥ. ಇದಕ್ಕೆ ಪೆಟ್ರೋಲ್ ಕಡಿಮೆ ಇರುವ ಮಿಶ್ರಣ ಮುಖ್ಯ ಕಾರಣ. ಅಂಥ ಮಿಶ್ರಣ ಹಸಿ ಕಟ್ಟಿಗೆ ಉರಿದ ಹಾಗೆ ನಿಧಾನಕ್ಕೆ ಉರಿಯುತ್ತದೆ. ಹೊಗೆ ಹೊರಗೆ ಹೋಗುವ ಹೊತ್ತಾದರೂ ಒಳಗೆ ಇನ್ನೂ ಉರಿ ಇರುತ್ತದೆ. ಅಷ್ಟರಲ್ಲಿ ಇನ್‌ಲೆಟ್ ವಾಲ್ವ್ ತೆರೆಯುತ್ತದೆ, ಬೆಂಕಿ ಹಿಂದಕ್ಕೆ ನುಗ್ಗುತ್ತದೆ. ವಾಲ್ವ್ ಸರಿಯಾಗಿ ಮುಚ್ಚದಿದ್ದರೂ, ಟೈಮಿಂಗ್ ತೀರಾ ತಪ್ಪಿದ್ದರೂ ಇದೇ ಆಗುತ್ತದೆ.

ಬೈಕ್‌ನಲ್ಲಿ ಸದ್ದು ಯಾವ ಕಡೆಯದು ಅಂತ ಕಿವಿಗೇ ಗೊತ್ತಾಗುತ್ತದೆ. ಹಳೆಯ ಮಾರುತಿ 800, ಪದ್ಮಿನಿ, ಅಂಬಾಸಿಡರ್‌ನಲ್ಲಿ ಬಾನೆಟ್ ಕೆಳಗಿನ ಸದ್ದು ಗೊಂದಲ ಮಾಡುತ್ತದೆ. ಏರ್ ಫಿಲ್ಟರ್ ಬಿಚ್ಚಿ ನೋಡಿ. ಒಳಗೆ ಮಸಿ ಹಿಡಿದಿದ್ದರೆ, ಫಿಲ್ಟರ್ ಕಾಗದ ಸುಟ್ಟಿದ್ದರೆ, ಡಬ್ಬಿಯ ಕ್ಲಿಪ್ ಹಾರಿದ್ದರೆ ಬೆಂಕಿ ಆ ಕಡೆಯಿಂದಲೇ ಬಂದಿದೆ. ಒಂದು ಎಚ್ಚರಿಕೆ. ಫಿಲ್ಟರ್ ತೆಗೆದು ಎಂಜಿನ್ ಓಡಿಸುವಾಗ ಕಾರ್ಬೊರೇಟರ್ ಮೇಲೆ ಬಗ್ಗಿ ನೋಡಬೇಡಿ. ಹುಬ್ಬು ಸುಟ್ಟುಕೊಂಡವರು ಗ್ಯಾರೇಜುಗಳಲ್ಲಿ ಕಡಿಮೆ ಇಲ್ಲ. ಹತ್ತಿರ ಒಂದು ಬುಟ್ಟಿ ಮರಳು ಇರಲಿ. ಪೆಟ್ರೋಲ್ ಬೆಂಕಿಗೆ ನೀರು ಹಾಕಿದರೆ ಬೆಂಕಿ ನೀರಿನ ಮೇಲೆ ತೇಲಿ ಹರಡುತ್ತದೆ.

ಯಾವಾಗ ಹೊಡೆಯುತ್ತದೆ?

ಗಾಡಿ ಮಾಲೀಕರು ಇದನ್ನು ಹೇಳುವುದೇ ಇಲ್ಲ. ಮಿಸ್ತ್ರಿ ಕೇಳುವುದೂ ಅಪರೂಪ. ಆದರೆ ಅರ್ಧ ಉತ್ತರ ಇರುವುದೇ ಇಲ್ಲಿ.

ರೇಸ್ ಬಿಟ್ಟಾಗ ಮಾತ್ರ ಸೈಲೆನ್ಸರ್‌ನಲ್ಲಿ ಪಟ್ ಪಟ್ ಬಂದರೆ ಸೈಲೆನ್ಸರ್ ಜಾಯಿಂಟ್ ಅಥವಾ ಐಡಲ್ (ರೇಸ್ ಕೊಡದೆ ಎಂಜಿನ್ ಓಡುವಾಗಿನ) ಮಿಶ್ರಣ ನೋಡಿ. ಗಕ್ಕನೆ ರೇಸ್ ಕೊಟ್ಟಾಗ ಕಾರ್ಬೊರೇಟರ್ ಕಡೆ ಫಟ್ ಅಂದರೆ ಆ ಕ್ಷಣಕ್ಕೆ ಪೆಟ್ರೋಲ್ ಸಾಲುತ್ತಿಲ್ಲ. ಏರು ಹತ್ತುವಾಗ, ಲೋಡ್ ಇದ್ದಾಗ ಮಿಸ್ಸಿಂಗ್ ಆಗಿ ಢಂ ಅಂದರೆ ಕಿಡಿಯ ಮೇಲೆ ಅನುಮಾನ. ತಂಪಿದ್ದಾಗ ಚೆನ್ನಾಗಿ ಓಡಿ, ಹತ್ತಿಪ್ಪತ್ತು ಕಿಲೋಮೀಟರ್ ಆದ ಮೇಲೆ ಶುರುವಾದರೆ ಕಂಡೆನ್ಸರ್ ಅಥವಾ ಕಾಯಿಲ್. ಮಳೆಗಾಲದಲ್ಲಿ ಮಾತ್ರ ಬಂದರೆ ಪ್ಲಗ್ ವೈರ್, ಇಲ್ಲವೇ ಕಿಡಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್.

ಇನ್ನೊಂದು ಇದೆ. ನಿನ್ನೆ ಸರ್ವಿಸ್ ಆಗಿ ಇವತ್ತು ಬ್ಯಾಕ್ ಹೊಡೆದರೆ ಬೇರೆಲ್ಲೂ ಹುಡುಕಬೇಡಿ. ನಿನ್ನೆ ಎಲ್ಲಿ ಕೈ ಹಾಕಿದ್ದರೋ ಅಲ್ಲೇ ನೋಡಿ. ಕಾರುಗಳಲ್ಲಿ ಹೆಚ್ಚಾಗಿ ಆಗುವುದು ಪ್ಲಗ್ ವೈರ್ ಅದಲು ಬದಲು. ಅಂಬಾಸಿಡರ್, ಪದ್ಮಿನಿಯಂಥ ನಾಲ್ಕು ಸಿಲಿಂಡರ್ ಗಾಡಿಗಳಲ್ಲಿ ಕಿಡಿ ಹೊತ್ತುವ ಸರದಿ 1-3-4-2. ಮೂರು ಸಿಲಿಂಡರ್‌ನ ಮಾರುತಿ 800ಕ್ಕೆ 1-3-2. ಎರಡು ವೈರ್ ಜಾಗ ಬದಲಾದರೆ, ಹೊಗೆ ಹೊರಗೆ ಹೋಗುವಾಗಲೋ ಪೆಟ್ರೋಲ್ ಒಳಗೆ ಬರುವಾಗಲೋ ಕಿಡಿ ಹಾರುತ್ತದೆ. ಆಗ ಎರಡೂ ಕಡೆಯಿಂದ ಸದ್ದು ಬರುತ್ತದೆ, ಗಾಡಿ ನಡುಗುತ್ತದೆ. ರಿಪೇರಿಗೆ ಎರಡು ನಿಮಿಷ ಸಾಕು. ಅದು ಗೊತ್ತಾಗದೆ ಕಾರ್ಬೊರೇಟರ್ ಪೂರ್ತಿ ಬಿಚ್ಚಿದವರೂ ಇದ್ದಾರೆ.

ಕಿಡಿಯ ವಿಚಾರ

ಹಳೆಯ ಗಾಡಿಯಲ್ಲಿ ಸವೆಯುವ, ಸಡಿಲವಾಗುವ, ಸುಡುವ ಭಾಗಗಳು ಕಿಡಿಯ ಕಡೆಯೇ ಜಾಸ್ತಿ. ಕಾರ್ಬೊರೇಟರ್ ಸ್ಕ್ರೂ ತಾನಾಗಿ ತಿರುಗುವುದು ಕಡಿಮೆ. ಪಾಯಿಂಟ್ ಮಾತ್ರ ದಿನವೂ ಸವೆಯುತ್ತದೆ. ಅದಕ್ಕೇ ಮೊದಲು ಇಲ್ಲಿ ನೋಡಬೇಕು ಅನ್ನುವುದು ನನ್ನ ವಾದ.

ಪಾಯಿಂಟ್ ಅಂದರೆ ಒಂದು ಪುಟ್ಟ ಸ್ವಿಚ್. ಅದು ತೆರೆದ ಕ್ಷಣಕ್ಕೆ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಅದನ್ನು ತೆರೆಯಲು ಒಂದು ಫೈಬರ್ ಹಿಮ್ಮಡಿ ಕ್ಯಾಮ್ (ತಿರುಗುವ ಉಬ್ಬು ಗಾಲಿ) ಮೇಲೆ ಉಜ್ಜುತ್ತಾ ಇರುತ್ತದೆ. ಹಿಮ್ಮಡಿ ಸವೆದಷ್ಟೂ ಪಾಯಿಂಟ್ ಗ್ಯಾಪ್ ಕಡಿಮೆ ಆಗುತ್ತದೆ. ಗ್ಯಾಪ್ ಕಡಿಮೆ ಆದರೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿಯೂ ತಡವಾಗುತ್ತದೆ. ತಡವಾಗಿ ಹೊತ್ತಿದ ಬೆಂಕಿ ಎಗ್ಜಾಸ್ಟ್ ವಾಲ್ವ್ ತೆರೆದಾಗಲೂ ಉರಿಯುತ್ತಲೇ ಇದ್ದು ಪೈಪಿಗೆ ಹೋಗುತ್ತದೆ. ಗಾಡಿಗೆ ಎಳೆತ ಇರುವುದಿಲ್ಲ, ಎಂಜಿನ್ ಜಾಸ್ತಿ ಬಿಸಿಯಾಗುತ್ತದೆ, ಸೈಲೆನ್ಸರ್ ಬೆಂಡ್ ನೀಲಿ ತಿರುಗುತ್ತದೆ, ಆಗಾಗ ಢಂ ಅನ್ನುತ್ತದೆ. ಇದು ದಿನಕ್ಕೆ ಸ್ವಲ್ಪ ಸ್ವಲ್ಪವೇ ಆಗುವುದರಿಂದ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ.

ಹಳೆಯ ಬುಲೆಟ್ 350ಕ್ಕೆ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್ ಇರಬೇಕು. ಇದನ್ನು ಫೀಲರ್ ಗೇಜ್ (ಅಳತೆಯ ತೆಳು ತಗಡು) ಇಟ್ಟೇ ನೋಡಬೇಕು. ಕಣ್ಣಳತೆಯ ಮೇಲೆ ಸೆಟ್ ಮಾಡಿದರೆ ಒಂದು ಗಾಡಿಗೆ ಸರಿ ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ. ಗ್ಯಾಪ್ ಬದಲಿಸಿದರೆ ಟೈಮಿಂಗ್ ಕೂಡ ಬದಲಾಗುತ್ತದೆ. ಹಾಗಾಗಿ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಉಲ್ಟಾ ಮಾಡಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಬುಲೆಟ್‌ನ ಅಡ್ವಾನ್ಸ್ ಯುನಿಟ್ ಪೂರ್ತಿ ಹಿಂದೆ ಇರುವಾಗ, ಪಿಸ್ಟನ್ ಮೇಲಿನ ತುದಿಗೆ 0.8 ಮಿಲಿಮೀಟರ್ ಬಾಕಿ ಇರುವಂತೆ ಪಾಯಿಂಟ್ ತೆರೆಯಬೇಕು. ಕಿಕ್ ಹೊಡೆದಾಗ ಕಿಕ್ಕರ್ ಕಾಲಿಗೆ ವಾಪಸ್ ಒದ್ದರೆ ಕಿಡಿ ತೀರಾ ಬೇಗ ಬರುತ್ತಿದೆ.

ಅಡ್ವಾನ್ಸ್ ಯುನಿಟ್ ಎಂದರೆ ವೇಗ ಹೆಚ್ಚಾದಂತೆ ಕಿಡಿಯನ್ನು ಬೇಗ ತರುವ ಎರಡು ತೂಕದ ತುಂಡುಗಳು ಮತ್ತು ಸ್ಪ್ರಿಂಗ್. ಗ್ರೀಸ್ ಒಣಗಿ ಅವು ಹಿಡಿದುಕೊಂಡರೆ ಐಡಲ್‌ನಲ್ಲಿ ಎಲ್ಲ ಸರಿ ಇರುತ್ತದೆ, ವೇಗಕ್ಕೆ ಹೋದಾಗ ಕಿಡಿ ತಡವಾಗಿ ಬ್ಯಾಕ್ ಹೊಡೆಯುತ್ತದೆ. ಗ್ಯಾರೇಜಿನಲ್ಲಿ ಸ್ಟ್ಯಾಂಡ್ ಹಾಕಿ ಪರೀಕ್ಷೆ ಮಾಡಿ "ಏನೂ ತೊಂದರೆ ಇಲ್ಲ" ಅಂತ ಗಾಡಿ ಮನೆಗೆ ಬರುವುದು ಇಂಥ ಕೇಸಿನಲ್ಲೇ.

ಪಾಯಿಂಟ್ ಮುಖ ಪದೇ ಪದೇ ಸುಟ್ಟು ನೀಲಿಯಾಗುತ್ತಿದ್ದರೆ ಪಾಲಿಶ್ ಪೇಪರ್ ಹಾಕಿ ಉಜ್ಜಿದರೆ ಮುಗಿಯುವುದಿಲ್ಲ. ಕಂಡೆನ್ಸರ್ ಹೋಗಿದೆ, ಅದನ್ನೂ ಬದಲಿಸಿ. ಬಿಸಿಯಾದಾಗ ಮಾತ್ರ ಕೈ ಕೊಡುವ ಕಂಡೆನ್ಸರ್‌ಗಳೂ ಇವೆ. ಹಾಗಾಗಿ ತಂಪು ಎಂಜಿನ್‌ನಲ್ಲಿ ನೋಡಿ ಸರಿ ಇದೆ ಅನ್ನಲು ಬರುವುದಿಲ್ಲ.

ಪ್ಲಗ್ ಬಿಚ್ಚಿ ಎಂಜಿನ್ ಬಾಡಿಗೆ ತಾಗಿಸಿ ಕಿಡಿ ನೋಡುವುದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ನೀಲಿ ಬಣ್ಣದ ಚಟ್ ಚಟ್ ಕಿಡಿ ಚೆನ್ನ, ಹಳದಿ ಅಥವಾ ಕೆಂಪು ಬಣ್ಣದ್ದು ಸೋತದ್ದು. ಪ್ಲಗ್ ತೂತಿಗೆ ಬಟ್ಟೆ ಮುಚ್ಚಿ, ಕಿಡಿಯನ್ನು ಅದರಿಂದ ದೂರ ಇಡಿ. ಆ ತೂತಿನಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ. ಆದರೆ ಈ ಪರೀಕ್ಷೆಯನ್ನು ಪೂರ್ತಿ ನಂಬುವ ಹಾಗಿಲ್ಲ. ಹೊರಗಿನ ಗಾಳಿಯಲ್ಲಿ ಕಿಡಿ ಸುಲಭವಾಗಿ ಹಾರುತ್ತದೆ. ಸಿಲಿಂಡರ್ ಒಳಗಿನ ಒತ್ತಡದಲ್ಲಿ ಹಾರಲು ಬಹಳ ಹೆಚ್ಚಿನ ವೋಲ್ಟ್ ಬೇಕು. ಹೊರಗೆ ಚೆನ್ನಾಗಿ ಕಂಡ ಕಿಡಿ ಏರು ಹತ್ತುವಾಗ ಕೈ ಕೊಡುವುದು ಇದಕ್ಕೇ.

ಬೆಳಗಾವಿ ಮಳೆಗಾಲದಲ್ಲಿ ಇನ್ನೊಂದು ಸುಲಭ ಪರೀಕ್ಷೆ ಇದೆ. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಿಸಿ. ಹಳೆಯ ಪ್ಲಗ್ ವೈರ್ ಬಿರುಕು ಬಿಟ್ಟಿದ್ದರೆ ಅಲ್ಲಲ್ಲಿ ಸಣ್ಣ ನೀಲಿ ಕಿಡಿ ಹರಿದಾಡುವುದು ಕಾಣುತ್ತದೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ಕೂದಲೆಳೆಯಂಥ ಕಪ್ಪು ಗೆರೆ ಇದ್ದರೂ ಅಷ್ಟೇ, ಕಿಡಿ ಅದರ ಮೇಲೆ ಹರಿದು ಬೇರೆ ಸಿಲಿಂಡರ್‌ಗೆ ಹೋಗುತ್ತದೆ. ಕ್ಯಾಪ್ ಒರೆಸಿದರೆ ಆ ದಿನಕ್ಕೆ ಸರಿ. ಗೆರೆ ಬಿದ್ದ ಕ್ಯಾಪ್ ಬದಲಿಸಲೇಬೇಕು.

ಪೆಟ್ರೋಲ್ ಮತ್ತು ಗಾಳಿ

ಕಿಡಿ ಸರಿ ಇದೆ ಅಂತ ಖಾತ್ರಿ ಆದ ಮೇಲೆ ಕಾರ್ಬೊರೇಟರ್ ಕಡೆ ಬನ್ನಿ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಪೆಟ್ರೋಲ್ ಇದಕ್ಕಿಂತ ಕಡಿಮೆ ಆದರೆ ಲೀನ್, ಜಾಸ್ತಿ ಆದರೆ ರಿಚ್.

ಯಾವುದು ಅಂತ ತಿಳಿಯಲು, ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಿಸುವ ಚೋಕ್ ಸಾಕು. ಗಾಡಿ ಬ್ಯಾಕ್ ಹೊಡೆಯುತ್ತಿರುವಾಗ ಚೋಕ್ ಸ್ವಲ್ಪ ಎಳೆಯಿರಿ. ಸುಧಾರಿಸಿದರೆ ಲೀನ್. ಇನ್ನೂ ಹದಗೆಟ್ಟು ಕಪ್ಪು ಹೊಗೆ ಬಂದರೆ ರಿಚ್. ಪ್ಲಗ್ ಕೂಡ ಇದನ್ನೇ ಹೇಳುತ್ತದೆ. ತುದಿ ಕಂದು ಬಣ್ಣ ಇದ್ದರೆ ಸರಿ, ಒಣ ಕಪ್ಪು ಮಸಿ ಇದ್ದರೆ ರಿಚ್, ಸುಣ್ಣದ ಬಿಳಿ ಇದ್ದರೆ ಲೀನ್.

ರಿಚ್‌ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಏರ್ ಫಿಲ್ಟರ್ ಕಟ್ಟಿದೆಯಾ, ಕಾರ್ಬೊರೇಟರ್‌ಗೆ ಬರುವ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿ ಸೋರುತ್ತಿದೆಯಾ, ಚೋಕ್ ಅರ್ಧ ಎಳೆದೇ ನಿಂತಿದೆಯಾ ನೋಡಿ. ವಿಜಯಪುರ, ಬಾಗಲಕೋಟೆ ಕಡೆಯ ಬೇಸಿಗೆ ಧೂಳಿನಲ್ಲಿ ಫಿಲ್ಟರ್ ಬಹಳ ಬೇಗ ಕಟ್ಟುತ್ತದೆ. ಗೋವಾದಿಂದ ತಂದ ಸೆಕೆಂಡ್ ಹ್ಯಾಂಡ್ ಗಾಡಿ ಚೋರ್ಲಾ ಘಾಟ್ ಹತ್ತಿ ಬಂದ ಮೇಲೆ ರಿಚ್ ಆಗುತ್ತದೆ ಅನ್ನುವ ಮಾತೂ ಇದೆ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ಗಾಳಿ ಸ್ವಲ್ಪ ತೆಳು, ಹಾಗಾಗಿ ಮಾತು ಸುಳ್ಳಲ್ಲ. ಆದರೆ ಆ ವ್ಯತ್ಯಾಸ ಸಣ್ಣದು. ಅದರಿಂದ ಢಂ ಅನ್ನುವಷ್ಟು ಆಗುವುದಿಲ್ಲ, ಬೇರೆ ಕಾರಣ ಹುಡುಕಿ.

ಲೀನ್ ಮಾತ್ರ ಕಳ್ಳ ಕಾರಣ. ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಅಥವಾ ಗ್ಯಾಸ್ಕೆಟ್ ಬಿರುಕು ಬಿಟ್ಟು ಅಲ್ಲಿಂದ ಗಾಳಿ ಎಳೆಯುತ್ತಿರಬಹುದು. ಐಡಲ್‌ನಲ್ಲಿ ಎಂಜಿನ್ ಓಡುತ್ತಿರುವಾಗ ಆ ಜಾಗಕ್ಕೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಹೊಡೆಯಿರಿ. ಎಂಜಿನ್ ಸದ್ದು ಬದಲಾದರೆ ಸೋರಿಕೆ ಅಲ್ಲೇ. ನೀರು ಪ್ಲಗ್ ವೈರ್ ಮೇಲೆ ಬೀಳದಿರಲಿ. ಕೆಲವರು ಇದಕ್ಕೆ ಪೆಟ್ರೋಲ್ ಚಿಮುಕಿಸುತ್ತಾರೆ. ಬ್ಯಾಕ್ ಹೊಡೆಯುವ ಎಂಜಿನ್ ಮೇಲೆ ಪೆಟ್ರೋಲ್! ಅದು ಬೇಡ.

ಕಾರುಗಳಲ್ಲಿ ರೇಸ್ ಕೊಟ್ಟ ಕ್ಷಣಕ್ಕೆ ಫಟ್ ಅನ್ನುವುದಕ್ಕೆ ಆಕ್ಸಿಲರೇಟರ್ ಪಂಪ್ ಡಯಾಫ್ರಂ (ಆಗ ಹೆಚ್ಚಿನ ಪೆಟ್ರೋಲ್ ಚಿಮ್ಮಿಸುವ ಪರದೆ) ಹರಿದಿರುವುದು ಸಾಮಾನ್ಯ ಕಾರಣ. ಎಂಜಿನ್ ಆಫ್ ಮಾಡಿ, ಫಿಲ್ಟರ್ ತೆಗೆದು, ಕಾರ್ಬೊರೇಟರ್ ಬಾಯಿಯಲ್ಲಿ ನೋಡುತ್ತಾ ಕೈಯಿಂದ ಥ್ರಾಟಲ್ ತೆರೆಯಿರಿ. ಸಣ್ಣ ಪೆಟ್ರೋಲ್ ಧಾರೆ ಚಿಮ್ಮಬೇಕು. ಚಿಮ್ಮದಿದ್ದರೆ ಕಾರಣ ಸಿಕ್ಕಿತು.

ಸ್ಕ್ರೂ ತಿರುಗಿಸುವವರಿಗೆ ಒಂದು ಮಾತು. ಬೈಕ್ ಕಾರ್ಬೊರೇಟರ್‌ನಲ್ಲಿ ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯ ಸ್ಕ್ರೂ, ಬಿಗಿ ಮಾಡಿದರೆ ರಿಚ್ ಆಗುತ್ತದೆ. ಎಂಜಿನ್ ಕಡೆ ಇದ್ದರೆ ಪೆಟ್ರೋಲ್ ಸ್ಕ್ರೂ, ಸಡಿಲ ಮಾಡಿದರೆ ರಿಚ್. ಎರಡೂ ಒಂದಕ್ಕೊಂದು ಉಲ್ಟಾ. ಇದು ಗೊತ್ತಿಲ್ಲದೆ ತಿರುಗಿಸಿದರೆ ಇದ್ದದ್ದೂ ಹಾಳು. ತಿರುಗಿಸುವ ಮೊದಲು ಎಷ್ಟು ಸುತ್ತು ಇತ್ತು ಅಂತ ಬರೆದಿಟ್ಟುಕೊಳ್ಳಿ.

ಇನ್ನು ನಮ್ಮ ಭಾಗಕ್ಕೆ ಹತ್ತಿರದ ವಿಷಯ ಎಥನಾಲ್. ಗೋಕಾಕ, ಅಥಣಿ, ಮುಧೋಳ, ಜಮಖಂಡಿ ಸುತ್ತಲಿನ ಕಬ್ಬು ಈಗ ಸಕ್ಕರೆಯ ಜೊತೆ ಎಥನಾಲ್ ಆಗಿಯೂ ಪೆಟ್ರೋಲ್ ಬಂಕಿಗೆ ಬರುತ್ತದೆ. ಎಥನಾಲ್‌ನಲ್ಲೇ ಆಮ್ಲಜನಕ ಇದೆ. ಹಾಗಾಗಿ ಒಂದು ಕಿಲೋ ಎಥನಾಲ್ ಉರಿಯಲು ಸುಮಾರು 9 ಕಿಲೋ ಗಾಳಿ ಸಾಕು. ಶೇ 20 ಎಥನಾಲ್ ಬೆರೆತ ಪೆಟ್ರೋಲ್‌ಗೆ ಸುಮಾರು 13.5 ಕಿಲೋ. ಬರೀ ಪೆಟ್ರೋಲ್‌ಗೆ ಸೆಟ್ ಮಾಡಿದ ಹಳೆಯ ಕಾರ್ಬೊರೇಟರ್‌ಗೆ ಇದು ಗೊತ್ತಿಲ್ಲ. ಅದು ಹಿಂದಿನ ಲೆಕ್ಕದಲ್ಲೇ ಗಾಳಿ ಬೆರೆಸುತ್ತದೆ. ಹೊಸ ಗಾಡಿಯ ಸೆನ್ಸರ್ ಇದನ್ನು ಹಿಡಿದು ಪೆಟ್ರೋಲ್ ಹೆಚ್ಚಿಸುತ್ತದೆ, ಹಳೆಯದು ಲೀನ್ ಆಗಿಯೇ ಓಡುತ್ತದೆ. ಮೊದಲೇ ಅಂಚಿನಲ್ಲಿದ್ದ ಗಾಡಿ ಈಗ ಪಟ್ ಅನ್ನಲು ಶುರು ಮಾಡಿದರೆ ಪೈಲಟ್ ಜೆಟ್ (ಐಡಲ್‌ನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ತುಂಡು) ಒಂದು ಸೈಜ್ ದೊಡ್ಡದು ಹಾಕಿಸುವುದು ಸರಿಯಾದ ದಾರಿ. ಹಳೆಯ ರಬ್ಬರ್ ಪೈಪ್, ಓರಿಂಗ್‌ಗಳನ್ನೂ ಎಥನಾಲ್ ಮೆತ್ತಗೆ ಮಾಡುತ್ತದೆ. ಮಳೆಗಾಲ ಪೂರ್ತಿ ನಿಲ್ಲಿಸಿದ ಗಾಡಿಯಾದರೆ ಅದು ನೀರನ್ನೂ ಹೀರಿರುತ್ತದೆ. ನೀರು ಜಾಸ್ತಿ ಆದಾಗ ಎಥನಾಲ್ ಪೆಟ್ರೋಲ್‌ನಿಂದ ಬೇರ್ಪಟ್ಟು ನೀರಿನ ಜೊತೆ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಎಂಜಿನ್‌ಗೆ ಹೋಗುವುದು ಆ ತಳದ್ದೇ. ಅಂಥ ಗಾಡಿಗೆ ಟ್ಯೂನಿಂಗ್ ಮಾಡಿಸುವ ಮೊದಲು ಟ್ಯಾಂಕ್ ಖಾಲಿ ಮಾಡಿ.

ಎಲ್‌ಪಿಜಿ ಕಿಟ್ ಹಾಕಿದ ಹಳೆಯ ಓಮ್ನಿಗಳ ಕಥೆ ಇನ್ನೂ ಜೋರು. ಅವುಗಳ ಇನ್‌ಟೇಕ್ ಪೂರ್ತಿ ಗ್ಯಾಸ್ ತುಂಬಿರುತ್ತದೆ. ಒಮ್ಮೆ ಬೆಂಕಿ ಹಿಂದಕ್ಕೆ ಬಂದರೆ ಫಿಲ್ಟರ್ ಡಬ್ಬಿಯೇ ಒಡೆಯುತ್ತದೆ. ಗ್ಯಾಸ್ ಹೊತ್ತಿಸಲು ಬಲವಾದ ಕಿಡಿ ಬೇಕು, ಹಾಗಾಗಿ ಇಲ್ಲಿ ಮೊದಲು ಪ್ಲಗ್, ವೈರ್ ನೋಡಿ.

ಘಾಟ್ ಇಳಿಯುವಾಗಿನ ಪಟ್ ಪಟ್

ರೇಸ್ ಬಿಟ್ಟಾಗ ಎಂಜಿನ್‌ಗೆ ಬಹಳ ಕಡಿಮೆ ಮಿಶ್ರಣ ಹೋಗುತ್ತದೆ. ಅದು ಹಳೆಯ ಹೊಗೆಯ ಜೊತೆ ಸೇರಿ ಸರಿಯಾಗಿ ಹೊತ್ತುವುದಿಲ್ಲ, ಹಾಗೇ ಪೈಪಿಗೆ ಹೋಗುತ್ತದೆ. ಅಲ್ಲಿ ಗಾಳಿ ಸಿಗದಿದ್ದರೆ ಸುಮ್ಮನೆ ಹೊರಗೆ ಹೋಗುತ್ತದೆ. ಸೈಲೆನ್ಸರ್ ಬೆಂಡ್ ಎಂಜಿನ್ ಹೆಡ್‌ಗೆ (ಸಿಲಿಂಡರ್‌ನ ಮೇಲಿನ ಮುಚ್ಚಳಕ್ಕೆ) ಸೇರುವಲ್ಲಿ ಗ್ಯಾಸ್ಕೆಟ್ ಹೋಗಿದ್ದರೆ ಹೊರಗಿನ ಗಾಳಿ ಒಳಗೆ ಬರುತ್ತದೆ, ಮುಂದಿನ ಬಿಸಿ ಹೊಗೆ ಅದಕ್ಕೆ ಬೆಂಕಿ ಹಚ್ಚುತ್ತದೆ. ತಂಪಿರುವಾಗ ಗಾಡಿ ಶುರು ಮಾಡಿ, ಸೈಲೆನ್ಸರ್ ಬಾಯಿಗೆ ದಪ್ಪ ಬಟ್ಟೆ ಅರೆಗಳಿಗೆ ಒತ್ತಿ ಹಿಡಿಯಿರಿ. ಜಾಯಿಂಟ್‌ನಲ್ಲಿ ಬುಸ್ ಅಂದರೆ ಗ್ಯಾಸ್ಕೆಟ್ ಬದಲಿಸಿ. ಸಣ್ಣ ಗುಡುಗುಡು ಇದ್ದರೆ ಬಿಟ್ಟುಬಿಡಿ, ಹಳೆಯ ಸಿಂಗಲ್ ಸಿಲಿಂಡರ್‌ನಲ್ಲಿ ಅಷ್ಟು ಇದ್ದದ್ದೇ.

ಓಡುವಾಗ ಚಾವಿ ಆಫ್ ಆನ್ ಮಾಡಿ ಬೇಕಂತಲೇ ಢಂ ಅನ್ನಿಸುವ ಹುಡುಗರೂ ಇದ್ದಾರೆ. ಸೈಲೆನ್ಸರ್ ಒಡೆಯುವುದು ಅವರದೇ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಶಬ್ದದ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ ಇದೆ.

ಹೆಡ್ ಬಿಚ್ಚುವ ಮೊದಲು

ಕಿಡಿ, ಟೈಮಿಂಗ್, ಪೆಟ್ರೋಲ್ ಎಲ್ಲ ಸರಿ ಇದ್ದೂ ಬ್ಯಾಕ್ ಹೊಡೆದರೆ ವಾಲ್ವ್ ನೋಡಬೇಕು. ಮೊದಲು ಟ್ಯಾಪೆಟ್, ಅಂದರೆ ವಾಲ್ವ್ ತೆರೆಯುವ ಭಾಗದ ಸಡಿಲ. ತೀರಾ ಬಿಗಿ ಇದ್ದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಹಳೆಯ ಬುಲೆಟ್‌ನಲ್ಲಿ ಎಂಜಿನ್ ತಂಪಿರುವಾಗ, ಪಿಸ್ಟನ್ ಒತ್ತುವ ಹಂತದ ತುದಿಯಲ್ಲಿದ್ದಾಗ, ವಾಲ್ವ್ ತೆರೆಸುವ ಪುಶ್ ರಾಡ್ ಬೆರಳಲ್ಲಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಮಾರುತಿಯಲ್ಲಿ ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿದ್ದರೂ ವಾಲ್ವ್ ತಪ್ಪು ಹೊತ್ತಿಗೆ ತೆರೆಯುತ್ತದೆ. ಬೆಲ್ಟ್ ಗುರುತು ನೋಡಲು ಕವರ್ ಬಿಚ್ಚಿದರೆ ಸಾಕು, ಹೆಡ್ ಬಿಚ್ಚಬೇಕಿಲ್ಲ.

ಐಡಲ್‌ನಲ್ಲಿ ಸೈಲೆನ್ಸರ್ ಬಾಯಿಗೆ ಒಂದು ಕಾಗದ ಹಿಡಿದು ನೋಡಿ. ಕಾಗದ ಒಂದೇ ಸಮನೆ ಹೊರಗೆ ತಳ್ಳಿಸಿಕೊಳ್ಳಬೇಕು. ನಡುನಡುವೆ ಒಳಗೆ ಎಳೆದರೆ ಎಗ್ಜಾಸ್ಟ್ ವಾಲ್ವ್ ಸೋರುತ್ತಿರಬಹುದು. ಖಾತ್ರಿಗೆ ಕಂಪ್ರೆಶನ್ ಗೇಜ್ ಹಾಕಿಸಿ. ಅಳತೆ ಕಡಿಮೆ ಬಂದರೆ ಪ್ಲಗ್ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಲೇಬೇಕು. ಬೆಳಗಾವಿಯ ಉದ್ಯಮಬಾಗ ಕಡೆ ಹೆಡ್ ಕೆಲಸಕ್ಕೆ ಕೊಡುವಾಗ ಬರೀ ವಾಲ್ವ್ ಲ್ಯಾಪಿಂಗ್ (ವಾಲ್ವ್ ಉಜ್ಜಿ ಸೀಟಿಗೆ ಕೂರಿಸುವುದು) ಮಾಡಿಸಿ ವಾಪಸ್ ತರಬೇಡಿ. ಗೈಡ್ (ವಾಲ್ವ್ ಕಡ್ಡಿ ಆಡುವ ಕೊಳವೆ) ಕೂಡ ಅಳೆಯಲು ಹೇಳಿ. ಗೈಡ್ ಸವೆದಿದ್ದರೆ ಹೊಸ ವಾಲ್ವ್ ಕೂಡ ಸೀಟಿನ ಮೇಲೆ ನೇರ ಕೂರುವುದಿಲ್ಲ.